ಕಳ್ಳ ಕಂತು

ಊಟದ ಬಿಡುವಿನಲ್ಲಿ ಮ್ಯಾನೇಜರನ ಕುರ್ಚಿಯ ಮೇಲಿದ್ದ ಹಸಿರು ಫೈಲನ್ನು ಲೈಟ್‌ಮನ್ ಅಂಗಿಯೊಳಗೆ ತುರುಕಿಕೊಂಡ. ಕತ್ತಿನವರೆಗೂ ಗುಂಡಿ ಹಾಕಿಕೊಂಡ. ಸ್ಟುಡಿಯೋದ ಗೇಟಿಗೆ ನೂರು ಹೆಜ್ಜೆ. ಓಡಿದರೆ ಸಿಕ್ಕಿಬೀಳುತ್ತಾನೆ, ನಿಧಾನಿಸಿದರೆ ಎದೆ ಒಡೆಯುತ್ತದೆ.

"ಎಲ್ಲಿಗಪ್ಪಾ?" ಕಾವಲುಗಾರ ಅಡ್ಡ ಬಂದ.

"ಹೊಟ್ಟೆನೋವು. ಮಾತ್ರೆ ತರ್ತೀನಿ."

"ಐದು ತಿಂಗಳು ಖಾಲಿ ಬಿದ್ದಿದ್ದ ಹೊಟ್ಟೆ. ಒಂದೇ ಸಲ ತುಂಬಿದ್ರೆ ನೋಯದೆ ಇನ್ನೇನು!" ಕಾವಲುಗಾರ ನಕ್ಕು ದಾರಿ ಬಿಟ್ಟ.

ಐದು ತಿಂಗಳು ನಿಜ. ಬರಹಗಾರರು ಪೆನ್ನು ಕೆಳಗಿಟ್ಟ ದಿನವೇ ಧಾರಾವಾಹಿ ನಿಂತಿತ್ತು. ಒಮ್ಮೆ ಬರೆಸಿಕೊಂಡದ್ದನ್ನು ಹತ್ತು ಸಲ ಪ್ರಸಾರ ಮಾಡಿದರೆ ಹತ್ತು ಸಲವೂ ಪಾಲು ಕೊಡಿ ಎಂಬುದು ಅವರ ಬೇಡಿಕೆ. ನ್ಯಾಯವಾದದ್ದೇ. ಆದರೆ ಎರಡು ಕೋಣಗಳ ಕಾಳಗದಲ್ಲಿ ಸತ್ತದ್ದು ಗಿಡ. ಮೇಕಪ್‌ನವಳು ಮನೆಮನೆಗೆ ಹೋಗಿ ಮುದುಕಿಯರ ತಲೆಗೆ ಬಣ್ಣ ಹಚ್ಚತೊಡಗಿದಳು. ಅರಮನೆ ಕಟ್ಟುತ್ತಿದ್ದ ಸೆಟ್ಟಿನ ಬಡಗಿ ಶವಪೆಟ್ಟಿಗೆಗೆ ಮೊಳೆ ಹೊಡೆದ. ಲೈಟ್‌ಮನ್‌ಗೆ ಅಂಥದ್ದೂ ಸಿಗಲಿಲ್ಲ. ಅದೇ ಧಾರಾವಾಹಿಗೆ ಬಟ್ಟೆ ಹೊಲಿಯುತ್ತಿದ್ದ ಅವನ ಹೆಂಡತಿ ಹೊಲಿಗೆ ಯಂತ್ರವನ್ನೂ ಮಾರಿದಳು. ಅವಳಿಗೆ ಏಳು ತಿಂಗಳು. ಮೈಯಲ್ಲಿ ರಕ್ತವಿಲ್ಲ, ಹೀಗೇ ಆದರೆ ತಾಯಿ ಮಗು ಇಬ್ಬರೂ ಕೈತಪ್ಪುತ್ತಾರೆ ಎಂದು ಡಾಕ್ಟರು ಅವನನ್ನೂ ಅವನ ಅಣ್ಣನನ್ನೂ ಎದುರಿಗೆ ಕೂರಿಸಿಕೊಂಡೇ ಹೇಳಿದ್ದರು.

ಅಣ್ಣ ಬರಹಗಾರ. ಮುಷ್ಕರ ಹೂಡಿದವನೂ ಅದರ ಪೆಟ್ಟು ತಿಂದವನೂ ಒಂದೇ ಸೂರಿನಡಿ ಇದ್ದರು. ಅಪ್ಪ ಹೋದ ಮೇಲೆ ತಮ್ಮನನ್ನು ಬೆಳೆಸಿದವನು ಅವನೇ. ತಮ್ಮ ಒಂದು ದಿನವೂ ಬಾಯಿಬಿಟ್ಟು ದೂರಲಿಲ್ಲ. ಅಣ್ಣನೇ ತುತ್ತು ಎತ್ತದೆ, ತಮ್ಮನ ಹೆಂಡತಿಯ ಬಿಳಚಿದ ಮುಖ ನೋಡುತ್ತ ಕೂತುಬಿಡುತ್ತಿದ್ದ.

"ಊಟ ಮಾಡಿ ಭಾವ, ನನಗೇನೂ ಆಗಲ್ಲ," ಎನ್ನುತ್ತಿದ್ದಳು ಅವಳು. ಅಷ್ಟು ಹೇಳುವುದಕ್ಕೇ ಅವಳಿಗೆ ಉಬ್ಬಸ.

ಹತ್ತು ದಿನದ ಹಿಂದೆ ಮ್ಯಾನೇಜರ್ ಫೋನ್ ಮಾಡಿದ. ಶೂಟಿಂಗ್ ಶುರುವಾಗಿದೆ, ಬಾ. ಯಾರೋ ಬರಹಗಾರ ಮುಷ್ಕರ ಮುರಿದು ಕದ್ದು ಕಂತು ಬರೆದುಕೊಡುತ್ತಿದ್ದಾನೆ ಎಂದು ಎಲ್ಲರಿಗೂ ತಿಳಿಯಿತು. ಯಾರು ಎಂದು ಯಾರಿಗೂ ತಿಳಿಯಲಿಲ್ಲ. ಮೂವತ್ತು ಜನ ಲೈಟ್‌ಮನ್‌ಗಳಲ್ಲಿ ಕರೆ ಬಂದದ್ದು ನಾಲ್ವರಿಗೆ. ಇವನಿಗಿಂತ ಹಿರಿಯರೆಲ್ಲ ಮನೆಯಲ್ಲೇ ಉಳಿದರು.

"ನಾನು ಹೋಗಲ್ಲಣ್ಣ. ದ್ರೋಹಿ ಬರೆದಿದ್ದಕ್ಕೆ ನಾನು ಲೈಟ್ ಹಿಡೀಬೇಕಾ?"

"ಹಠ ಹಿಡಿದಿರೋದು ನಾವು. ನೀನ್ಯಾಕೋ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೋಬೇಕು?" ಅಣ್ಣನ ದನಿ ಎಂದಿಲ್ಲದಷ್ಟು ಗಡಸಾಗಿತ್ತು. "ಅವಳ ಮುಖ ನೋಡು ಒಂದ್ಸಲ. ಸುಮ್ಮನೆ ಹೋಗು."

ಹೋದ. ಮೊದಲ ದಿನ ಗೇಟಿನೆದುರು ಫಲಕ ಹಿಡಿದು ನಿಂತಿದ್ದ ಅಣ್ಣ ಇವನನ್ನು ಕಂಡು ಮುಖ ತಿರುಗಿಸಿದ. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಮನೆಗೆ ಹಾಲು, ಹಣ್ಣು, ಔಷಧಿ ಬಂದವು. ಹೆಂಡತಿಯ ಕೆನ್ನೆಗೆ ತುಸು ಬಣ್ಣ ಬಂತು. ಆದರೆ ಕಂತುಗಳು ಸಿಗುವತನಕ ಧಾರಾವಾಹಿಯ ಮಾಲೀಕನಿಗೆ ಮಾತುಕತೆಯ ದರ್ದು ಎಲ್ಲಿಯದು? ಅಣ್ಣ ಬಿಸಿಲಲ್ಲಿ ಒಣಗಿ ಕಡ್ಡಿಯಾಗುತ್ತಿದ್ದ. ನಿದ್ದೆಗೆಟ್ಟು ಕಣ್ಣು ಕೆಂಡದಂತಾಗಿದ್ದವು. ಧರಣಿಯ ಡೇರೆಯಲ್ಲಿ ಎಲ್ಲರೂ 'ಗಡ್ಡ' ಎಂಬ ಬರಹಗಾರನ ಮೇಲೆ ಹಲ್ಲು ಮಸೆಯುತ್ತಿದ್ದರು. ಮೂರು ವಾರದಿಂದ ಅವನು ಡೇರೆಯ ಕಡೆ ತಲೆ ಹಾಕಿರಲಿಲ್ಲ.

"ಕಣ್ಣಾರೆ ಕಾಣದೆ ಯಾರ ಹೆಸರೂ ಎತ್ತಬೇಡಿ," ಎಂದವನು ಅಣ್ಣ ಒಬ್ಬನೇ.

ಇಂಥ ಮನುಷ್ಯನ ಬೆನ್ನಿಗೆ ಚೂರಿ ಹಾಕುವವನು ಯಾರು? ಇವತ್ತು ಹೊಸ ಕಂತಿನ ಫೈಲು ಕುರ್ಚಿಯ ಮೇಲೆ ಅನಾಥವಾಗಿ ಬಿದ್ದಿರುವುದು ಕಂಡಾಗ ಲೈಟ್‌ಮನ್ ಎರಡನೇ ಸಲ ಯೋಚಿಸಲಿಲ್ಲ. ಕೆಲಸ ಹೋಗುತ್ತದೆ. ಹೋಗಲಿ. ಕಳ್ಳ ಸಿಕ್ಕಿಬಿದ್ದರೆ ಕಂತು ನಿಲ್ಲುತ್ತದೆ, ಕಂತು ನಿಂತರೆ ವಾರದೊಳಗೆ ಮಾಲೀಕ ದಾರಿಗೆ ಬರುತ್ತಾನೆ. ಹೆಂಡತಿಗೆ ಏನು ಹೇಳುವುದು ಎಂಬುದನ್ನು ಮಾತ್ರ ಅವನು ಯೋಚಿಸಲು ಹೆದರಿದ.

ರಸ್ತೆ ದಾಟಿದ. ಡೇರೆಯಲ್ಲಿ ಸಂಘದ ಅಧ್ಯಕ್ಷೆ ಮೈಕಿನ ಮುಂದಿದ್ದರು. ಅವನು ಅಂಗಿಯೊಳಗಿನಿಂದ ಫೈಲು ಎಳೆದು ಮೇಲೆತ್ತಿದ.

"ಕಳ್ಳ ಕಂತು ಸಿಕ್ತು!"

ಜನ ದಡಬಡ ಎದ್ದರು. ಅಧ್ಯಕ್ಷೆ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಎಲ್ಲ ಅಚ್ಚಾದ ಅಕ್ಷರ, ಎಲ್ಲೂ ಹೆಸರಿಲ್ಲ. ಕೊನೆಯ ಹಾಳೆಗೆ ಪಿನ್ ಚುಚ್ಚಿದ್ದ ಒಂದು ಮಡಿಸಿದ ಚೀಟಿ ಇತ್ತು. ಲೈಟ್‌ಮನ್ ಅದನ್ನು ಕಿತ್ತು ಕೈಗೆ ತೆಗೆದುಕೊಂಡ.

ಗುಂಪು ಸೀಳಿಕೊಂಡು ಅಣ್ಣ ಮುಂದೆ ಬಂದ. "ಲೋ, ಅದನ್ನ ಇಲ್ಲಿ ಕೊಡೋ."

ಪರರ ಮಾನ ಹರಾಜಾಗುವುದನ್ನು ಅಣ್ಣ ಸಹಿಸುವವನಲ್ಲ ಎಂದು ತಮ್ಮನಿಗೆ ಗೊತ್ತಿತ್ತು. ದ್ರೋಹಿಗೂ ಈ ದಯೆಯೇ?

"ಬೇಡಣ್ಣ. ನಿನಗೋಸ್ಕರಾನೇ ತಂದಿದ್ದು. ಎಲ್ಲರೂ ಕೇಳ್ಲಿ."

"ಅನ್ನಕ್ಕೆ ಕಲ್ಲು ಹಾಕ್ಕೊಂಡು ತಂದವನು ನೀನು. ನೀನೇ ಓದಪ್ಪ," ಎಂದು ಅಧ್ಯಕ್ಷೆ ಮೈಕನ್ನು ಅವನತ್ತ ತಿರುಗಿಸಿದರು.

ಅಣ್ಣ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಬಿಸಿಲಿನ ಸುಸ್ತು ಎಂದು ಯಾರೋ ನೀರು ತರಲು ಓಡಿದರು. ಲೈಟ್‌ಮನ್ ಚೀಟಿ ಬಿಡಿಸಿದ. ಕೈಬರಹ ಯಾರದೆಂದು ನೋಡುವ ತಾಳ್ಮೆಯೂ ಅವನಿಗಿರಲಿಲ್ಲ. ಇಡೀ ರಸ್ತೆಗೆ ಕೇಳುವಂತೆ ಗಟ್ಟಿಯಾಗಿ ಓದಿದ:

"ದುಡ್ಡು ಬೇಡ ಅಂತ ಮೊದಲೇ ಹೇಳಿದ್ದೇನೆ, ಲೈಟ್ ವಿಭಾಗದಲ್ಲಿ ನನ್ನ ತಮ್ಮನನ್ನು ಉಳಿಸಿಕೊಳ್ಳಿ ಸಾಕು, ಅವನ ಹೆಂಡತಿಗೆ ಹೆರಿಗೆಯಾಗುವತನಕ ಬರೆದುಕೊಡುತ್ತೇನೆ."