ದೇವೀರಮ್ಮನ ಮಾತು ಮುಗಿಯಲಿಲ್ಲ

ನಾನು ಗಣಿತದ ಟೀಚರ್. “ಮೊದಲು ಲೆಕ್ಕ ಪೂರ್ತಿ ಓದ್ರೋ” ಎಂದು ಇಪ್ಪತ್ತೆರಡು ವರ್ಷ ಮಕ್ಕಳನ್ನು ಗದರಿದವಳು...

ಗೆಳತಿಯ ಒಂದು ಮಾತನ್ನು ಪೂರ್ತಿ ಕೇಳಲಿಲ್ಲ.

ಹೋದ ವರ್ಷ ಜಾತಿ ಸಮೀಕ್ಷೆಗೆ ನನ್ನನ್ನೂ ದೇವೀರಮ್ಮನನ್ನೂ ಶಿರಾದ ಒಂದೇ ಬಡಾವಣೆಗೆ ಹಾಕಿದ್ದರು. ಹದಿನಾಲ್ಕು ವರ್ಷ ಒಂದೇ ಸ್ಟಾಫ್ ರೂಮು ನಮ್ಮದು. ಅವಳ ಜಾತಿ ಬೇರೆ, ನನ್ನದು ಬೇರೆ... ಆ ಮಾತು ನಮ್ಮ ನಡುವೆ ಎಂದೂ ಬಂದಿರಲಿಲ್ಲ.

ಮಧ್ಯಾಹ್ನ ಯಾರದೋ ಜಗಲಿಯ ಮೇಲೆ ಕೂತಾಗ ಅವಳೇ ಮೆಲ್ಲಗೆ ಶುರು ಮಾಡಿದಳು.

“ಅಕ್ಕಾ, ಈ ಕೋಟಾ ಕೋಟಾ ಅಂತಾರಲ್ಲ... ಅದ್ರ ಬಗ್ಗೆ ನಿಮ್ಮತ್ರ ಒಂದ್ ಮಾತು...”

ಅಷ್ಟೇ. ಎಲ್ಲಿತ್ತೋ ಸಿಟ್ಟು! ನನ್ನ ಮಗಳಿಗೆ ಆ ವರ್ಷವೇ ಮೆಡಿಕಲ್ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು.

“ನೀನೇನ್ ಮಾತಾಡ್ತೀಯ ಬಿಡೇ! ನಿನ್ ಮಗ ಕೋಟಾದಲ್ಲಿ ಮೆಡಿಕಲ್ ಸೇರ್ಕೊಂಡಿದಾನೆ, ಆರಾಮಾಗಿ ಡಾಕ್ಟ್ರಾಗ್ತಾನೆ. ನನ್ ಮಗಳು ಮನೇಲಿ ಅಳ್ತಾ ಕೂತಿದಾಳೆ!”

“ಅದಲ್ಲ ಅಕ್ಕಾ...”

“ಇನ್ನೇನು? ಹೇಳು ನೋಡೋಣ!”

ಹೇಳು ಎಂದೆ, ಹೇಳಲು ಬಿಡಲಿಲ್ಲ. ಫೋನಿಗೆ ಬಂದ ಫಾರ್ವರ್ಡ್‌ಗಳನ್ನೆಲ್ಲ ಅವಳ ಮೇಲೆ ಸುರಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಬಾಯಿ ಮುಚ್ಚಿಸಿದೆ ಎಂದು ನನಗೆ ಒಳಗೊಳಗೇ ಖುಷಿ... ಥೂ, ನನ್ನ ಜನ್ಮಕ್ಕಿಷ್ಟು!

ಆಮೇಲೆ ಸಂಜೆಯವರೆಗೂ ಗುರುತಿಲ್ಲದವರ ಬಾಗಿಲಲ್ಲಿ ನಿಂತು ಎಷ್ಟು ತಾಳ್ಮೆಯಿಂದ ಪ್ರಶ್ನೆ ಕೇಳಿದೆ ಗೊತ್ತಾ? ಅವಳನ್ನು ಮಾತ್ರ ಏನೂ ಕೇಳಲಿಲ್ಲ.

ಸ್ಟಾಫ್ ರೂಮಿನಲ್ಲೂ ಅವಳ ಜೊತೆ ಮಾತು ಬಿಟ್ಟೆ. ನಾಲ್ಕು ತಿಂಗಳಾದ ಮೇಲೆ ಬಿ.ಪಿ. ಮಾತ್ರೆಗೆಂದು ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನಲ್ಲಿ ನಿಂತಿದ್ದವನು ದೇವೀರಮ್ಮನ ಮಗ ಲೋಹಿತ್. ನನ್ನ ಹಳೆಯ ವಿದ್ಯಾರ್ಥಿ.

“ಇದೇನೋ ಇಲ್ಲಿ? ಕಾಲೇಜು?”

“ಬಿಟ್ಬಿಟ್ಟೆ ಮಿಸ್. ಹಾಸ್ಟೆಲಲ್ಲಿ ಯಾರೂ ಹೆಸರು ಹಿಡಿದು ಕರೀತಿರ್ಲಿಲ್ಲ. ‘ಏಯ್ ಕೋಟಾ’ ಅಂತಿದ್ರು. ಊಟಕ್ಕೂ ಪಕ್ಕ ಕೂರ್ತಿರ್ಲಿಲ್ಲ...

ಬಂದ್ಬಿಡ್ತೀನಿ ಅಂದಾಗ ಅಮ್ಮ, ‘ತಾಳಪ್ಪ, ಮಂಗಳಾ ಮಿಸ್‌ಗೆ ಹೇಳ್ತೀನಿ, ಅವ್ರು ಧೈರ್ಯ ಹೇಳಿದ್ರೆ ನೀನು ಕೇಳ್ತೀಯ’ ಅಂದ್ರು. ಆಮೇಲೆ, ‘ಮಿಸ್ ಸಮೀಕ್ಷೇಲಿ ಬಿಜಿ, ಫೋನ್ ಮಾಡ್ತಾರೆ’ ಅಂದ್ರು. ಹದಿನೇಳು ದಿನ ಕಾದೆ ಮಿಸ್...”

ನಾನು ಏನೆಂದೆ ಎಂಬುದನ್ನು ಅವಳು ಮಗನಿಗೂ ಹೇಳಿರಲಿಲ್ಲ. ನನ್ನ ಮಾನ ಉಳಿಸಿದ್ದಳು. ಅಂಗಡಿಯಲ್ಲೇ ಅತ್ತುಬಿಟ್ಟೆ.

“ಈಗ್ಲೂ ಹೋಗೋ ಲೋಹಿತ್, ನಾನೇ ಬಂದು ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ...”

“ಎಲ್ಲಾ ಮುಗೀತು ಮಿಸ್. ಟಿ.ಸಿ. ತಗೊಂಡಾಯ್ತು.”

ಮಾತ್ರೆಯ ಕವರ್ ನನ್ನ ಕೈಗಿಟ್ಟ.

“ಊಟ ಆದ್ಮೇಲೆ ತಗೊಳ್ಳಿ ಮಿಸ್. ಬರೀ ಹೊಟ್ಟೇಲಿ ಬೇಡ.”

ವಾದದಲ್ಲಿ ಗೆದ್ದವರಿಗೆ ಎದುರಿಗಿದ್ದವರ ಸಂಕಟ ತಿಳಿಯುವುದಿಲ್ಲ... ತಿಳಿಯುವ ಹೊತ್ತಿಗೆ ಅದು ಯಾರದೋ ಬದುಕನ್ನು ತಿಂದು ಮುಗಿಸಿರುತ್ತದೆ.

ಜಾತಿಯ ಮಾತು ಬಂದಾಗ, ಎದುರಿಗಿದ್ದವರು ಹೇಳಿ ಮುಗಿಸುವವರೆಗೆ ಕೊನೆಯ ಸಲ ನೀವು ಸುಮ್ಮನೆ ಕೂತದ್ದು ಯಾವಾಗ?