ನೀಲಿ ಬಲ್ಬು

ಅವಳಿಗೆ ಕಿವಿ ಕೇಳುವುದಿಲ್ಲ. ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ಯಾರಾದರೂ ಕಾಲಿಂಗ್ ಬೆಲ್ ಒತ್ತಿದರೆ ನಡುಮನೆಯ ಸ್ಮಾರ್ಟ್ ಬಲ್ಬು ನೀಲಿಯಾಗುವಂತೆ ಗಂಡನೇ ಮಾಡಿಕೊಟ್ಟಿದ್ದ. ಅದರ ಆ್ಯಪ್ ಇದ್ದದ್ದು ಅವನ ಫೋನಿನಲ್ಲಿ. ದೀಪಾವಳಿ ಕಳೆದ ಮೇಲೆ ಬಲ್ಬು ನೀಲಿಯಾಗುವುದೇ ನಿಂತುಹೋಯಿತು.

“ಕಂಪನಿ ಸರ್ವರ್ ಕೆಟ್ಟಿದೆ. ಅವರೇ ಸರಿ ಮಾಡ್ಬೇಕು, ನಾನೇನ್ ಮಾಡ್ಲಿ?” ಎಂದ.

“ಅಮ್ಮ ಬಂದ್ರೆ ಗೊತ್ತಾಗೋದು ಹೇಗ್ರೀ?”

“ಬರಲ್ಲ ಬಿಡು. ಫೋನ್ ಮಾಡಿದ್ದೆ. ನಿನ್ನ ಮೇಲೆ ಸಿಟ್ಟಂತೆ ಅವರಿಗೆ.”

ಅಮ್ಮನಿಗೆ ಓದಲು ಬಾರದು, ಮೆಸೇಜು ಹಾಕಿ ಕೇಳುವಂತೆಯೂ ಇರಲಿಲ್ಲ. ಬೇಜಾರು ನುಂಗಿಕೊಂಡು ಅವಳು ಲ್ಯಾಪ್‌ಟಾಪ್ ಮುಂದೆ ಕೂತಳು. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಓಪನ್ ಸೋರ್ಸ್ ಫರ್ಮ್‌ವೇರ್, ಅಂದರೆ ಬಲ್ಬನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಸಿಕ್ಕಿತು. ಮೊದಲು ಕೈಕೊಟ್ಟರೂ ಹಟ ಬಿಡದೆ, ಬಲ್ಬಿನೊಳಗಿದ್ದ ಕಂಪನಿಯದನ್ನು ಅಳಿಸಿ ಇದನ್ನು ಹಾಕಿದಳು. ಇನ್ನು ಬಲ್ಬಿಗೆ ಕಂಪನಿಯೂ ಬೇಡ, ಆ್ಯಪೂ ಬೇಡ. ಗಂಡನಿಗೆ ಹೇಳಲಿಲ್ಲ; ತಾನಾಗಿ ನೋಡಿ ಬೆರಗಾಗಲಿ ಎಂದುಕೊಂಡಳು.

ಭಾನುವಾರ ಅವನು ಅವಳ ಎದುರಿಗೇ ಕೂತು ಪೇಪರ್ ಓದುತ್ತಿದ್ದ. ಅವನ ಬೆನ್ನ ಹಿಂದೆ ಬಲ್ಬು ನೀಲಿಯಾಯಿತು. ಅವನು ಪುಟ ತಿರುವಿದ.

“ಬೆಲ್ ಆಯ್ತೇನ್ರೀ?”

ಅವನು ತಲೆಯೆತ್ತಿ, ಅವಳಿಗೆ ಕಾಣುವಂತೆ ತುಟಿ ಬಿಡಿಸಿ ಹೇಳಿದ: “ಇಲ್ವಲ್ಲ.”

ಬಲ್ಬು ಮತ್ತೆ ನೀಲಿಯಾಯಿತು. ಅವಳು ಎದ್ದು ಹೋಗಿ ಬಾಗಿಲು ತೆಗೆದಳು.

ಚೀಲ ಹಿಡಿದು ನಿಂತಿದ್ದ ಅಮ್ಮನ ತುಟಿ ಆಡಿತು: “ಅಂತೂ ಈ ಭಾನುವಾರವಾದ್ರೂ ತೆಗೆದ್ಯಲ್ಲ! ನನ್ನ ಮೇಲಿನ ಸಿಟ್ಟು ಇಳೀತೇನೇ, ಮಗಳೇ?”