ಹಾಲು ಉಕ್ಕಿದ ಮನೆ

ಆ ಬಿಲ್ಡರ್ ಕಂಪನಿಗೆ ಇನ್ನೊಂದು ಸಾಲ ಕೊಡಬಹುದೇ ಎಂದು ನೋಡಿ ಬರಲು ಬ್ಯಾಂಕಿನ ಅಧಿಕಾರಿ ಹೋಗಿದ್ದ. ಲೆಕ್ಕಪತ್ರ ನೋಡಿ ಅವನಿಗೆ ನಂಬಿಕೆ ಹುಟ್ಟಿರಲಿಲ್ಲ. ಕಟ್ಟಡವೂ ನಾಲ್ಕನೇ ಮಹಡಿಗೇ ನಿಂತುಹೋಗಿತ್ತು. ಆದರೆ ಆ ಮಹಡಿಯ ಒಂದು ಮನೆಯ ಬಾಗಿಲಿಗೆ ಹಸಿ ಮಾವಿನೆಲೆಯ ತೋರಣ ಕಟ್ಟಿತ್ತು.

"ಇವತ್ತು ಗೃಹಪ್ರವೇಶ ಸರ್. ಜನ ಬರೋಕೆ ಶುರು ಮಾಡಿದ್ದಾರೆ," ಎಂದ ಕಂಪನಿಯ ಮ್ಯಾನೇಜರ್.

ಒಳಗೆ ವಯಸ್ಸಾದ ಹೆಂಗಸೊಬ್ಬರು ಹೊಸ ಒಲೆಯ ಮುಂದೆ ನಿಂತಿದ್ದರು. ಹಾಲು ಉಕ್ಕಿ ಪೂರ್ವಕ್ಕೇ ಹರಿಯಿತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಧಿಕಾರಿಯ ಮನಸ್ಸು ಕರಗಿತು. ಜನ ನಂಬಿ ಬಂದು ಒಲೆ ಹಚ್ಚುತ್ತಿರುವಾಗ ಕಂಪನಿ ಅಷ್ಟು ಸುಲಭಕ್ಕೆ ಮುಳುಗಲಾರದು ಎನಿಸಿತು.

ಫೋನ್ ಬಂತೆಂದು ಮ್ಯಾನೇಜರ್ ಹೊರಗೆ ಹೋದ.

"ಒಳ್ಳೇದಾಗಲಿ ಅಮ್ಮ. ಮನೆ ಚೆನ್ನಾಗಿದೆ," ಎಂದ ಅಧಿಕಾರಿ, ಅವರು ಕೊಟ್ಟ ಹಾಲಿನ ಲೋಟ ಹಿಡಿದು.

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈ ಸಲನಾದ್ರೂ ಸಾಲ ಕೊಡಿಸಪ್ಪಾ. ಬ್ಯಾಂಕಿನವರು ಬಂದಾಗಲೆಲ್ಲ ನಾನೇ ಬಂದು ಹಾಲು ಉಕ್ಕಿಸ್ತೀನಿ. ನಮ್ಮ ಯಜಮಾನ್ರು ಹಾಸಿಗೆ ಹಿಡಿದಿದ್ದಾರೆ, ಅವರು ಇರೋವಾಗಲೇ ಮನೆ ಆಗಬೇಕು."

"ಅಂದ್ರೆ, ಇದು ನಿಮ್ಮ ಮನೆ ಅಲ್ವಾ?"

"ನಾವು ದುಡ್ಡು ಕಟ್ಟಿರೋದು ಏಳನೇ ಮಹಡಿಗೆ."